ಅರ್ಧ ಸ್ಟ್ರಿಪ್

ಸಿಂಧನೂರಿನ ಆ ಔಷಧಿ ಅಂಗಡಿಯವರ ಬಾಯಲ್ಲಿ ‘ಸ್ಟಾಕ್ ಇಲ್ಲ’ ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ಕನ್ನಡಕವನ್ನು ಹಣೆಗೇರಿಸಿ, ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಎಲ್ಯಾರ ಇರ್ತದ, ಕುಂದರ್ರಿ” ಎನ್ನುತ್ತಿದ್ದರು.

ನನ್ನ ಮಗಳ ಫಿಟ್ಸ್ ಗುಳಿಗೆ ಲಿಂಗಸುಗೂರಿನಲ್ಲೂ ಸಿಗದೆ, ಮನೆಯಲ್ಲಿ ಎರಡೇ ಉಳಿದಿದ್ದ ದಿನ ಅವರೆದುರು ಕೂತೆ. ಅವರು ಐದಾರು ಕಡೆ ಫೋನು ಮಾಡಿದರು. ಕೊನೆಗೆ ಮಸ್ಕಿಯ ಅಂಗಡಿಯವನಿಗೆ, “ಇದನ್ನ ತಿಂಗಳಾ ಒಯ್ಯೋರು ಅದಾರಲ್ಲ, ಅವ್ರನ್ನ ಒಂದ್ ಮಾತ ಕೇಳಪಾ” ಎಂದರು.

ಮಧ್ಯಾಹ್ನ ಬಸ್ ಕಂಡಕ್ಟರು ತಂದುಕೊಟ್ಟ ಲಕೋಟೆಯಲ್ಲಿ ಅರ್ಧ ಸ್ಟ್ರಿಪ್ ಇತ್ತು. ಕತ್ತರಿಸಿದವರು ಅವಧಿ ಮುಗಿಯುವ ತಾರೀಖು ಮುದ್ರಿಸಿದ ತುದಿಯನ್ನು ನಮಗೇ ಬಿಟ್ಟಿದ್ದರು. ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು, “ಯಾರು ಕೊಟ್ಟರ್ರಿ?” ಎಂದೆ.

“ಅವ್ರೂ ನಿಮ್ಮ ಹೆಸ್ರು ಕೇಳಿಲ್ಲ ಬಿಡ್ರಿ” ಎಂದರು ಅಂಗಡಿಯವರು.

ಕೆಲವು ತಿಂಗಳ ನಂತರ ಅಂಗಡಿಯವರೇ ನನಗೆ ಫೋನು ಮಾಡಿದರು. “ಮಗಳ ಗುಳಿಗಿ ಎಷ್ಟ್ ಉಳದಾವ್ರಿ?”

“ಹದಿನಾಲ್ಕು” ಎಂದೆ. “ಇಲ್ಲೊಬ್ರು ಎಲ್ಲೂ ಸಿಗಲಾರ್ದ ಬಂದು ಕುಂತಾರ್ರಿ” ಎಂದರು.

ನಾನು ಕತ್ತರಿ ಹುಡುಕಿದೆ. ತಾರೀಖು ಯಾವ ತುದಿಗಿದೆ ಎಂದು ನೋಡಿ, ಆ ಅರ್ಧವನ್ನು ಲಕೋಟೆಗೆ ಹಾಕಿದೆ.