ಚಪಾತಿ, ನೀರು, ಧಿಮಾಕು

ಇವತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ಕೊನೆಗೂ ನನ್ನ ಕಾಯಿಲೆಗೊಂದು ಹೆಸರು ಹೇಳಿದರು. ದೇಹದ ರಕ್ಷಣಾ ಪಡೆ ತನ್ನದೇ ಕಣ್ಣೀರು, ಎಂಜಲಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದಂತೆ. ಕಣ್ಣು, ಬಾಯಿ ಒಣಗುತ್ತವಂತೆ.

"ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಸೋದರತ್ತೆ, "ನಮ್ ಮನೇಲಿ ಯಾರಿಗೂ ಇಲ್ಲಪ್ಪ" ಎಂದರು.

"ಒಣ ತಿಂಡಿ ತಿನ್ನುವಾಗ ತುತ್ತುತುತ್ತಿಗೂ ನೀರು ಕುಡಿಯೋರು?"

"ಒಣ ತಿಂಡಿ ಎಲ್ಲಿತ್ತು ಸ್ವಾಮಿ? ದಿನಾ ಮುದ್ದೆ, ಸಾರು. ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋದಷ್ಟೆ."

ಅಷ್ಟರಲ್ಲಿ ಅವರಿಗೇ ಏನೋ ನೆನಪಾಯಿತು. ಆಮೇಲೆ ಹೇಳಿದ್ದು ಅರವತ್ತರ ದಶಕದ ಮಾತು.

"ಒಂದ್ಸಲ ರಾಗಿ ಸಿಗ್ದೆ ನಮ್ಮೂರು ಕೆಂಚಾರ್ಲಹಳ್ಳಿಗೆ ರೇಷನ್ ಗೋಧಿ ಬಂತು. ಆವಾಗ ನಮ್ಮಮ್ಮ, ಅಂದ್ರೆ ಇವಳಜ್ಜಿ, ಒಂದು ಚಪಾತಿಗೆ ಒಂದು ಚೊಂಬು ನೀರು ಕುಡಿಯೋಳು. 'ಊರಿಗೆಲ್ಲ ಇಳಿಯೋ ಚಪಾತಿ ಇವಳಿಗೆ ಇಳಿಯಲ್ವಾ, ಧಿಮಾಕು' ಅಂತ ಅವಳತ್ತೆ ಎಷ್ಟೋ ದಿನ ತಟ್ಟೇನೇ ಹಾಕ್ತಿರ್ಲಿಲ್ಲ."

"ಅದು ಧಿಮಾಕಲ್ಲಮ್ಮ, ಇದೇ ಕಾಯಿಲೆ ಇದ್ದಿರಬಹುದು" ಎಂದರು ಡಾಕ್ಟರು.

ವಾಪಸು ಬರುವಾಗ ಆಟೋದಲ್ಲಿ, ಮನೆ ಹತ್ತಿರ ಬಂದಾಗ ಅತ್ತೆ, "ಹಂಗಾದ್ರೆ ನಿಂದೂ ಧಿಮಾಕಲ್ಲ ಅನ್ನು" ಎಂದರು. ಎರಡು ವರ್ಷದಿಂದ ನನ್ನ ತಟ್ಟೆಯ ಪಕ್ಕದ ನೀರಿನ ಬಾಟಲಿಗೆ ಅವರು ಇಟ್ಟಿದ್ದ ಹೆಸರೂ ಅದೇ.

ಅಜ್ಜಿ ಖುಲಾಸೆಯಾಗಲು ಅರವತ್ತು ವರ್ಷ ಬೇಕಾಯಿತು, ನನಗೆ ಎರಡೇ ಸಾಕಾಯಿತು. ವೈದ್ಯಶಾಸ್ತ್ರ ಮುಂದುವರಿದಿದೆ ಮಾರಾಯರೇ, ಒಪ್ಪಲೇಬೇಕು.