ಕಿಟಕಿಯಲ್ಲಿ ನಗುವ ಹುಡುಗಿ

ಮನೆಯಲ್ಲಿ ಅವನನ್ನು ಕಲಾವಿದ ಎಂದು ಪರಿಚಯಿಸುತ್ತಿದ್ದರು. ಆಫೀಸಿನಲ್ಲಿ ಅವನ ಹೆಸರು ಬೆಂಚು. ಸತ್ಯಕ್ಕೆ ಹತ್ತಿರವಾದದ್ದು ಎರಡನೆಯದೇ ಎಂದು ಅವನು ಯಾವ ಬೇಸರವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದ. ಮಕ್ಕಳ ಚಿತ್ರಕಥೆ ಪುಸ್ತಕಗಳನ್ನು ಮಾಡುವ ಆ ಪುಟ್ಟ ಆಫೀಸಿನಲ್ಲಿ ಕಥೆ ಕಟ್ಟುವುದು, ಮುಖ್ಯ ಪಾತ್ರಗಳ ಮುಖ ಬಿಡಿಸುವುದು ಮೇಡಂ ಕೆಲಸ. ಆ ಮುಖಗಳ ಹಿಂದೆ ಏನೇನಿರಬೇಕೋ ಅದೆಲ್ಲ ಇವನದು: ಗೋಡೆ, ಕಸದ ಬುಟ್ಟಿ, ಮೆಟ್ಟಿಲು, ನೀರಿನ ನಲ್ಲಿ. ಶಾಲೆಯ ಕಥೆ ಬಂತೆಂದರೆ ಬೆಂಚುಗಳ ಸುಗ್ಗಿ. ಅದರ ಮೇಲೆ ಕೂರುವ ಅದೃಷ್ಟವಂತರನ್ನು ಮಾತ್ರ ಮೇಡಂ ಬಿಡಿಸುತ್ತಿದ್ದರು. ಒಮ್ಮೆ ಯಾರೋ ನೆಂಟರು, "ಇದರಲ್ಲಿ ನೀನು ಬಿಡಿಸಿದ್ದು ಯಾವುದಪ್ಪಾ?" ಎಂದು ಕೇಳಿದಾಗ ಅವನು ನಾಯಕಿಯ ಕಿವಿಯ ಪಕ್ಕದಲ್ಲಿ ಬೆರಳಿಟ್ಟು, "ಇಲ್ಲಿ ಚೂರು ಗೋಡೆ ಕಾಣತ್ತಲ್ಲ, ಅದು" ಎಂದಿದ್ದ.

ಮನುಷ್ಯರೆಂದರೆ ಅವನ ಪಾಲಿಗೆ ಗುಂಪು ಮಾತ್ರ. ಒಂದು ಸಲ ಮನಸ್ಸಿಟ್ಟು ಹತ್ತಾರು ಮಕ್ಕಳನ್ನು ಬಿಡಿಸಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ. ಎಲ್ಲಿ ಬೇಕೋ ಅಲ್ಲಿ ತಂದು ಅಂಟಿಸುವುದು. ಓದುಗರಿಗೆ ಅನುಮಾನ ಬಾರದಿರಲೆಂದು ಒಮ್ಮೆ ಎಡಬಲ ತಿರುಗಿಸುವುದು, ಒಮ್ಮೆ ಅಂಗಿಯ ಬಣ್ಣ ಬದಲಿಸುವುದು. ಇದಕ್ಕೆ ಅವನು ಇಟ್ಟ ಹೆಸರು ಜಾಣತನ, ಮೇಡಂ ಇಟ್ಟ ಹೆಸರು ಸೋಮಾರಿತನ. ಆ ಗುಂಪಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು ನಗುವವಳು. ಅವನ ಕೈಯಿಂದ ಹುಟ್ಟಿದ ಒಳ್ಳೆಯ ಮುಖ ಅದೊಂದೇ. ಹಾಗಾಗಿ ಅವಳನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸುತ್ತಿದ್ದ.

ಈ ಸಲದ ಪುಸ್ತಕ, ಶಾಲೆಗೆ ಹೊಸದಾಗಿ ಸೇರಿದ ಹುಡುಗನನ್ನು ತರಗತಿಯ ದಾಂಡಿಗನೊಬ್ಬ ಗೋಳುಹೊಯ್ದುಕೊಳ್ಳುವ ಕಥೆ. ಕೊನೆಯಲ್ಲಿ ಹುಡುಗನಿಗೆ ಒಬ್ಬ ಗೆಳೆಯ ಸಿಗುತ್ತಾನೆ. ಪುಟಗಳೆಲ್ಲ ಮುಗಿದ ಮೇಲೆ ಮೇಡಂ, "ಪ್ರೆಸ್ಸಿಗೆ ಹೋಗೋ ಮುಂಚೆ ಒಂದು ಮಗು ಓದಿಬಿಡ್ಲಿ. ನಿಮ್ಮನೇಲಿ ಒಬ್ಬಳಿದ್ದಾಳಲ್ಲ?" ಎಂದರು.

ಇದ್ದಳು. ಅವನು ಇದ್ದದ್ದು ಅಕ್ಕನ ಮನೆಯಲ್ಲಿ, ಮತ್ತು ಅಕ್ಕನ ಮಗಳು ಕೆಲವು ದಿನಗಳಿಂದ ಶಾಲೆಗೆ ಹೋಗದೆ ಮನೆಯಲ್ಲೇ ಇದ್ದಳು. ಕೇಳಿದರೆ ಹೊಟ್ಟೆನೋವು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್.

"ಬೆಳಿಗ್ಗೆ ಶುರುವಾಗಿ ಸ್ಕೂಲ್ ವ್ಯಾನ್ ಹೋದ ತಕ್ಷಣ ವಾಸಿಯಾಗೋ ಹೊಟ್ಟೆನೋವು ನಾನು ಯಾವ ವಾರ್ಡಲ್ಲೂ ನೋಡಿಲ್ಲ ಕಣೋ," ಎಂದಳು ಅಕ್ಕ, ದನಿ ತಗ್ಗಿಸಿ. "ಯಾರೋ ಇವಳನ್ನ ಸತಾಯಿಸ್ತಿದ್ದಾರೆ. ನನ್ನ ಹತ್ರ ಬಾಯೇ ಬಿಡಲ್ಲ. ಹೀಗೇ ಆದ್ರೆ ಸ್ಕೂಲೇ ಬದಲಿಸಿಬಿಡ್ತೀನಿ. ನಿನ್ನ ಪುಸ್ತಕನೂ ಅದೇ ವಿಷಯ ಅಲ್ವಾ? ಕೊಟ್ಟು ಮೆಲ್ಲಗೆ ಕೇಳು. ಜೋಕು ಗೀಕು ಬೇಡ."

"ಗಂಭೀರವಾಗೇ ಕೇಳ್ತೀನಿ."

"ನೀನು ಗಂಭೀರವಾದ್ರೆ ಅವಳಿಗೆ ಇನ್ನೂ ಭಯ ಆಗತ್ತೆ."

ಅಕ್ಕನ ಮಗಳು ನೆಲದ ಮೇಲೆ ಬೋರಲು ಮಲಗಿ ಪುಟ ತಿರುವತೊಡಗಿದಳು. ಅವನು ಎದುರಿಗೆ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಆದರೆ ಅವಳ ಬೆರಳು ಮೇಡಂ ಬಿಡಿಸಿದ ಹುಡುಗನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಮೂಲೆ ಮೂಲೆಗೆ ಹೋಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನ ಹಿನ್ನೆಲೆಯನ್ನು ಓದುತ್ತಿದ್ದರು.

"ಮಾಮ, ಇವಳು ಯಾರು?"

"ಯಾರೂ ಅಲ್ಲ ಮರಿ. ಗುಂಪು."

"ಎಲ್ಲಾ ಕಡೆ ಇವಳೇ ಇದಾಳೆ."

"ಒಂದೇ ಕ್ಲಾಸು ತಾನೇ?"

"ಬಸ್‌ಸ್ಟಾಪಲ್ಲೂ ಇದಾಳೆ. ಆ ಹುಡುಗನ್ನ ತಳ್ಳಿದಾಗ್ಲೂ ನಗ್ತಾಳೆ, ಅವನು ಅಳುವಾಗ್ಲೂ ನಗ್ತಾಳೆ. ಇಲ್ನೋಡು, ಅವನ ಮನೆ ಕಿಟಕೀಲೂ ನಗ್ತಾ ನಿಂತಿದಾಳೆ!"

ಅವನು ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡ. ಹುಡುಗ ಅಡುಗೆಮನೆಯಲ್ಲಿ ಅಮ್ಮನಿಗೆ 'ಎಲ್ಲಾ ಚೆನ್ನಾಗಿದೆ' ಎಂದು ಸುಳ್ಳು ಹೇಳುವ ಚಿತ್ರ. ಕಿಟಕಿಯಾಚೆ ಖಾಲಿ ರಸ್ತೆ ಇರಬೇಕಿತ್ತು. ಹಿಂದಿನ ಚಿತ್ರದ ಗುಂಪನ್ನು ಅಳಿಸದೆ ಅದರ ಮೇಲೇ ಗೋಡೆ ಎಬ್ಬಿಸಿದ್ದ. ಗುಂಪೆಲ್ಲ ಗೋಡೆಯ ಹಿಂದೆ ಮರೆಯಾಗಿ, ಇವಳೊಬ್ಬಳು ಮಾತ್ರ ಸರಿಯಾಗಿ ಕಿಟಕಿಗೆ ಬಂದಿದ್ದಳು.

"ಅಯ್ಯೋ, ಅದು ನನ್ನ ತಪ್ಪು. ತೆಗೆಯೋದು ಮರೆತೆ."

"ತಪ್ಪಲ್ಲ," ಎಂದಳು ಅವಳು. "ಮನೆಗೆ ಹೋದ್ಮೇಲೂ ಅವನಿಗೆ ಇವಳೇ ಕಾಣ್ತಾಳೆ. ತಳ್ಳಿದವನಲ್ಲ."

"ಯಾಕೆ?" ಸಿದ್ಧ ಮಾಡಿಕೊಂಡು ಬಂದಿದ್ದ ಗಂಭೀರ ಪ್ರಶ್ನೆಗಳೆಲ್ಲ ಅವನಿಗೆ ಮರೆತೇಹೋದವು.

"ಇವಳು ಅವನ ಫ್ರೆಂಡಾಗಿದ್ಲು. ಮುಂಚೆ."

"ಕಥೇಲಿ ಹಾಗಿಲ್ವಲ್ಲ."

ಅವಳು ಪುಟದ ಅಂಚನ್ನು ಮಡಿಸಿದಳು, ಬಿಡಿಸಿದಳು. ಆಫೀಸಿನ ಪ್ರತಿ ಎಂದು ಗದರುವ ಬದಲು ಅವನು ಇನ್ನೊಂದು ಪ್ರಶ್ನೆ ಕೇಳಿದ.

"ನಿಮ್ಮ ಕ್ಲಾಸಲ್ಲೂ ಹೀಗೆ ತಳ್ತಾರಾ?"

"ಯಾರೂ ತಳ್ಳಲ್ಲ ಮಾಮ. ತಳ್ಳಿದ್ರೆ ಮಿಸ್ಸಿಗೆ ಗೊತ್ತಾಗಲ್ವಾ? ಸ್ಸ್ಸ್ ಅಂತಾರೆ, ಅಷ್ಟೇ."

ಮಾತು ಚೂರು ಚೂರಾಗಿ ಬಂತು. ಒಂದನೇ ಕ್ಲಾಸಿನಿಂದ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿ. ಗೆಳತಿಯ ಅಪ್ಪನಿಗೆ ಶಾಲೆಯ ರಸ್ತೆಯಲ್ಲೇ ಟೈರ್ ರಿಪೇರಿ ಅಂಗಡಿ. ಯಾರೋ ಆ ಗೆಳತಿಗೆ ಪಂಚರ್ ಎಂದು ಹೆಸರಿಟ್ಟರು. ಈಗ ಅವಳು ಎದ್ದರೆ ಸಾಕು, ತುಟಿ ಅಲುಗಿಸದೆ ಎಲ್ಲ ಬೆಂಚುಗಳಿಂದ ಗಾಳಿ ಹೋಗುವ ಸದ್ದು.

"ಬೋರ್ಡ್ ಹತ್ರ ಹೋದ್ರೆ ಸ್ಸ್ಸ್. ಡಬ್ಬಿ ತೆಗೆದ್ರೆ ಸ್ಸ್ಸ್. ಮಿಸ್ಸು ಫ್ಯಾನ್ ಕೆಟ್ಟಿದೆ ಅಂದ್ಕೊಂಡು ಮೇಲೆ ನೋಡಿದ್ರು."

ಅವನಿಗೆ ನಗು ಉಕ್ಕಿತು. ತಕ್ಷಣ ನುಂಗಿಕೊಂಡ. ಅವಳು ಅದನ್ನು ನೋಡಿಬಿಟ್ಟಳು.

"ನಂಗೂ ಹೀಗೇ ಬಂತು," ಎಂದಳು. "ಬಾಯಿಗೆ ಕೈ ಅಡ್ಡ ಇಟ್ಕೊಂಡೆ. ಅವಳು ತಿರುಗಿ ಬೇರೆ ಯಾರನ್ನೂ ನೋಡ್ಲಿಲ್ಲ. ನನ್ನೇ ನೋಡಿದ್ಲು. ಮಾರನೇ ದಿನದಿಂದ ನನ್ನ ಜಾಗದಲ್ಲಿ ಅವಳ ಬ್ಯಾಗ್ ಇಡ್ತಾಳೆ."

ಹೊಟ್ಟೆನೋವು ಅಲ್ಲಿಂದ ಶುರು. ಅವಳು ಕೊನೆಯ ಪುಟ ತೆಗೆದಳು. ಮರದ ಕೆಳಗೆ ಹುಡುಗ ಮತ್ತು ಅವನ ಹೊಸ ಗೆಳೆಯ. ಹಿಂದೆ ಅದೇ ಎರಡು ಜಡೆ.

"ಇನ್ನೂ ನಗ್ತಾನೇ ಇದಾಳೆ. ಮಾಮ, ಇವಳ ಕಥೆ ಮುಗಿದೇ ಇಲ್ಲ."

ಅಡುಗೆಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. "ಯಾರಂತೆ?"

"ಇವಳನ್ನ ಯಾರೂ ಏನೂ ಮಾಡಿಲ್ಲ. ಇವಳೇ ಯಾರನ್ನೋ ನೋಡಿ ನಕ್ಕಿದಾಳೆ," ಎಂದು ಎಲ್ಲ ಹೇಳಿದ. ಮಗಳ ಪರವಾಗಿ ಯುದ್ಧಕ್ಕೆ ಸಿದ್ಧಳಾಗಿದ್ದ ಅಕ್ಕ ಸೌಟು ಹಿಡಿದು ಹಾಗೇ ನಿಂತಳು. "ಸ್ಕೂಲ್ ಬದಲಿಸೋದು ಇರ್ಲಿ. ಒಂದೆರಡು ದಿನ ಬಿಡು," ಎಂದ ಅವನು.

ಮರುದಿನ ಮೇಡಂ ಕಿಟಕಿಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಇವಳು ಇಲ್ಲಿಗೆ ಹೇಗೆ ಬಂದ್ಲಪ್ಪಾ?"

"ಗೋಡೆ ಹಿಂದೆ ಗುಂಪು ಉಳಿದುಬಿಟ್ಟಿತ್ತು ಮೇಡಂ."

"ನಿನ್ನ ಹಣೇ ಮೇಲೇ ಬರೆದು ಅಂಟಿಸ್ಬೇಕು ಅದನ್ನ."

ಆದರೆ ಅಕ್ಕನ ಮಗಳು ಹೇಳಿದ್ದನ್ನು ಕೇಳಿದ ಮೇಲೆ ಅವರು ಪೆನ್ಸಿಲ್ ಕಚ್ಚುತ್ತಾ ಕೊನೆಯ ಪುಟ ತೆಗೆದರು. "ಕಿಟಕೀಲಿ ಹಾಗೇ ಇರ್ಲಿ. ಕೊನೇ ಪುಟದಲ್ಲಿ ಒಂದು ಚೌಕ ಖಾಲಿ ಮಾಡ್ಕೊಡ್ತೀನಿ. ಅವಳ ಕಥೆ ನೀನೇ ಮುಗಿಸು. ನಾಳೆ ಸಂಜೆ ಪ್ರೆಸ್ಸಿಗೆ."

"ಮುಖ ನನ್ನ ಇಲಾಖೆ ಅಲ್ವಲ್ಲ ಮೇಡಂ."

"ಈ ಮುಖ ಬಿಡಿಸಿದ್ದು ಯಾರು, ನಮ್ಮಜ್ಜಿನಾ?"

ಎರಡು ಜಡೆಯವಳು ಕ್ಷಮೆ ಕೇಳುವ ಹಾಗೆ ಬಿಡಿಸಿದ. ಹಲ್ಲುನೋವು ಬಂದವಳ ಹಾಗೆ ಕಂಡಳು. ಅವಳೂ ಹುಡುಗನೂ ಕೈ ಕುಲುಕುವ ಹಾಗೆ ಬಿಡಿಸಿದ. ಉದ್ಘಾಟನಾ ಸಮಾರಂಭದ ಫೋಟೋ ಆಯಿತು. ಕೈಸೋತು ಮನೆಗೆ ಬಂದು ಅಕ್ಕನ ಮಗಳ ಮುಂದೆ ಕೂತ.

"ಇವಳು ಈಗ ಏನ್ಮಾಡ್ತಾಳೆ ಮರಿ?"

"ನಂಗೇನ್ ಗೊತ್ತು? ಇವಳು ಸಾರಿ ಅಂದ್ರೆ ಆ ಕಡೆಯವರು ಏನ್ಮಾಡ್ತಾರೆ ಅಂತ ಗೊತ್ತಾಗ್ಬೇಕಲ್ಲ."

"ನಂಗೂ ಗೊತ್ತಿಲ್ಲ. ನಾಳೆ ಸಂಜೆಯೊಳಗೆ ಬೇಕು."

ಅವನು ಉಪಾಯ ಹೂಡಿರಲಿಲ್ಲ; ನಿಜಕ್ಕೂ ತನ್ನ ಕೆಲಸದ ಚಿಂತೆಯಲ್ಲೇ ಇದ್ದ. ಅವಳು ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದಳು.

"ನೋಡ್ಕೊಂಡ್ ಬರ್ತೀನಿ," ಎಂದಳು.

ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ವ್ಯಾನ್ ಹತ್ತಿದಳು.

ಸಂಜೆ ಅಕ್ಕನ ಫೋನಿನಿಂದ ಕರೆ ಬಂತು. "ಮಾಮ, ಸಾರಿ ಅಂದೆ. ಅವಳು ಮಾತೇ ಆಡ್ಲಿಲ್ಲ."

"ಹೂಂ. ಆಮೇಲೆ?"

"ಅವಳು ಬೋರ್ಡ್ ಹತ್ರ ಹೋದ್ಲು. ಸ್ಸ್ಸ್ ಶುರುವಾಯ್ತು. ಮಿಸ್ಸು ಮತ್ತೆ ಮೇಲೆ ನೋಡಿದ್ರು. ನಾನು ಎದ್ದು ನಿಂತು, 'ಫ್ಯಾನ್ ಅಲ್ಲ ಮಿಸ್, ನಾವು' ಅಂದೆ."

"ಅಮ್ಮಾ ತಾಯಿ!"

"ಎಲ್ರೂ ನನ್ನೇ ಕೆಕ್ಕರಿಸಿಕೊಂಡು ನೋಡಿದ್ರು. ನಾಳೆ ನಂಗೂ ಏನೋ ಹೆಸರಿಡ್ತಾರೆ."

"ಅವಳು?"

"ವಾಪಸ್ ಬಂದು ಕೂತ್ಲು. ಬ್ಯಾಗ್ ತೆಗೀಲಿಲ್ಲ. ಸ್ವಲ್ಪ ಸರಿಸಿದ್ಲು."

"ಎಷ್ಟು?"

"ಅರ್ಧ ಕೂರೋ ಅಷ್ಟು."

"ಕೂತ್ಯಾ?"

"ಕೂತೆ. ಬೀಳೋ ಹಾಗಿತ್ತು."

ಅವನು ಚೌಕದಲ್ಲಿದ್ದುದನ್ನೆಲ್ಲ ಅಳಿಸಿದ. ಮೊದಲು ಬೆಂಚು ಬಿಡಿಸಿದ. ಅದಕ್ಕೆ ಕೈ ತಾನಾಗಿಯೇ ಓಡಿತು. ಒಂದು ತುದಿಯಲ್ಲಿ ಹುಡುಗನ ಬೆನ್ನು, ಪಕ್ಕದಲ್ಲಿ ಚೂರೇ ಸರಿದ ಬ್ಯಾಗು, ಉಳಿದ ಅಂಚಿನಲ್ಲಿ ಬೀಳುವಂತೆ ಕೂತ ಎರಡು ಜಡೆ. ಯಾರ ಮುಖವೂ ಕಾಣುತ್ತಿರಲಿಲ್ಲ.

ಮೇಡಂ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ. ಆ ಬ್ಯಾಗ್ ಇನ್ನೂ ಒಂಚೂರು ಸರಿಸಬಹುದಿತ್ತಲ್ವಾ? ಪಾಪ, ಮಗು ಬೀಳತ್ತೆ."

"ಇಲ್ಲ ಮೇಡಂ," ಎಂದ ಬೆಂಚು. "ಸದ್ಯಕ್ಕೆ ಅಷ್ಟೇ ಸರಿಸಿರೋದು."