ಎಲೆ ಮೇಲೆ ಕಾರ್ಬುರೇಟರ್

ನಮ್ಮ ರುದ್ರಾಣಿ ಕಾರು ತೆಗೆದಳು ಅಂದ್ರೆ ನರಸೀಪುರದ ಕೋಳಿಗಳೆಲ್ಲ ಜಗಲಿ ಹತ್ಕೋತಿದ್ವು. ಅಕ್ಕಿ ಗಿರಣಿ ಗುರುಮಲ್ಲಪ್ಪ ನನಗೆ ದೊಡ್ಡಪ್ಪ; ಅವರ ಒಬ್ಬಳೇ ಮಗಳು ಇವಳು. ಓಡಿಸೋದ್ರಲ್ಲಿ ಗಟ್ಟಿಗಿತ್ತಿ. ಆದ್ರೆ ಬಾನೆಟ್ ಒಳಗೆ ಏನಿದೆಯೇ ಅಂದ್ರೆ "ಇಂಜಿನ್ನು" ಅನ್ನೋಳು, ಅಷ್ಟೇ ಅವಳ ವಿದ್ಯೆ!

ಎಂಬತ್ಮೂರರಲ್ಲಿ ಮೊದಲ ಸಲ ಕಾರಿನ ರ‍್ಯಾಲಿಗೆ ಹೋದಳು. ಪಕ್ಕದಲ್ಲಿ ಕೂತು ದಾರಿ ಹೇಳೋಳು ನಾನು, ಮಂಗಳಗೌರಿ. ಅರ್ಧ ದಾರೀಲಿ ಹಳೇ ಫಿಯಟ್ಟು ಗೊರಗೊರ ಅಂದು ಕೂತುಬಿಡ್ತು. ಎತ್ತು ಕಟ್ಟಿ ಎಳೆಸ್ಕೊಂಡು ಬಂದ್ವಿ. ಥೂ, ಆ ಮಾನಗೇಡು ಯಾರಿಗೂ ಬೇಡ.

ಮೆಕ್ಯಾನಿಕ್ ಬೆಟ್ಟಸ್ವಾಮಿ ಕೇಳಿದ, "ಏನಾಯ್ತವ್ವ?"

"ನಿಂತೋಯ್ತು."

"ಅದು ನಂಗೂ ಕಾಣ್ತದೆ. ನಿಲ್ಲಕ್ ಮುಂಚೆ ಏನಂತು? ಕೆಮ್ತಾ? ನಡುಗ್ತಾ? ವಾಸ್ನೆ ಬಂತಾ?"

ಇವಳು ಬಾನೆಟ್ ಕಡೆ ಬೆರಳು ತೋರಿಸಿದಳು. ದೊಡ್ಡಪ್ಪನಿಗೆ ರೇಗಿಹೋಯ್ತು. "ಬರೋ ವರ್ಷ ಒಂದೇ ಒಂದು ಸಲ ಬಿಡ್ತೀನಿ. ಕೊನೇವರೆಗೂ ಮುಟ್ಟಲಿಲ್ವೋ, ಕಾರು ಮಾರ್ತೀನಿ. ಆಮೇಲೆ ಸ್ಟೀರಿಂಗ್ ಸುದ್ದಿ ಎತ್ತಬ್ಯಾಡ" ಅಂದ್ರು.

ಅವತ್ತಿಂದ ಹುಡುಗಿ ಬೆಟ್ಟಸ್ವಾಮಿ ಶೆಡ್ಡಲ್ಲೇ ಬೀಡುಬಿಟ್ಟಳು. ಆ ಆಸಾಮಿ ಬೇಕಂತಲೇ ಏನಾದ್ರೂ ಒಂದು ಸಡಿಲ ಮಾಡಿಡೋನು. ಇವಳು ಸೇತುವೆವರೆಗೂ ಓಡಿಸ್ಕೊಂಡು ಬಂದು, ಕೈಗೆ, ಕಿವಿಗೆ, ಮೂಗಿಗೆ ಏನು ಗೊತ್ತಾಯ್ತು ಅಂತ ಒಪ್ಪಿಸಬೇಕು. ತಪ್ಪಾದ್ರೆ ಇನ್ನೊಂದು ಸುತ್ತು. ಕಂಡುಹಿಡಿದ ಮೇಲೆ ತಾನೇ ಬಿಚ್ಚಬೇಕು, ತಾನೇ ಕಟ್ಟಬೇಕು. ಕಟ್ಟಿದ ಮೇಲೆ ದಿನಾ ನಾಲ್ಕು ನಟ್ಟು ಉಳಿಯೋವು! ನನಗೆ ತಡೀಲಿಲ್ಲ. ಮಠದ ದಾಸೋಹದಲ್ಲಿ ಸಾವಿರ ಎಲೆಗೆ ಬಡಿಸಿದೋಳು ನಾನು. ಒಂದು ಬಾಳೆ ಎಲೆ ಹಾಸಿ ಅಂದೆ, "ಮೊದಲು ಬಿಚ್ಚಿದ್ದು ಉಪ್ಪಿನ ಜಾಗಕ್ಕೆ. ಆಮೇಲೆ ಕೋಸಂಬರಿ, ಪಲ್ಯ. ಕಡೇದು ಪಾಯಸದ ಜಾಗಕ್ಕೆ. ಕಟ್ಟುವಾಗ ಪಾಯಸದಿಂದ ಹಿಂದಕ್ಕೆ ಬಾ ತಾಯಿ!" ಆಮೇಲೆ ಒಂದು ನಟ್ಟೂ ಉಳೀಲಿಲ್ಲ. ಈ ಮಾತು ನಾನೇ ಹೇಳ್ಕೋಬೇಕು, ಬೇರೆ ಯಾರೂ ಹೇಳಲ್ಲ.

ಮಾರನೇ ವರ್ಷದ ರ‍್ಯಾಲಿ ಮುಗಿಯೋದು ನಂಜನಗೂಡಲ್ಲಿ. ತಲಕಾಡಿನ ಮರಳು ಕುಡಿದ ಕಾರು ಮೂಗೂರು ದಾಟುವಾಗ ಕೆಮ್ಮೋಕೆ ಶುರು ಮಾಡ್ತು. ಈ ಸಲಾನೂ ಎತ್ತೇ ಗತಿ ಅಂದೆ ನಾನು. ಇವಳು ನೋಡಿದ್ರೆ ನಗ್ತಾ ಅವಳೆ!

"ಹೊಟ್ಟೆಗೆ ಸಾಲ್ತಿಲ್ಲ ಕಣಕ್ಕ! ಪೆಟ್ರೋಲ್ ಬರೋ ಜೆಟ್ಟು ಕಟ್ಕೊಂಡದೆ. ಎಲೆ ತತ್ತಾ!"

ಯಾರ ತೋಟವೋ ಏನೋ, ಒಂದೆಲೆ ಕಿತ್ತು ರಸ್ತೆ ಪಕ್ಕ ಹಾಸಿದೆ. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಬಿಚ್ಚಿ ಸಾಲಾಗಿ ಬಡಿಸಿದಳು. ಕಡಲೆಕಾಳಿನಷ್ಟು ಹಿತ್ತಾಳೆ ಜೆಟ್ಟನ್ನ ಊದಿ, ಪಾಯಸದ ಜಾಗದಲ್ಲಿಟ್ಟು, ಕೈ ಒರೆಸೋಕೆ ಆಕಡೆ ತಿರುಗಿದಳು. ಅಷ್ಟರಲ್ಲಿ ಎಲ್ಲಿತ್ತೋ ಒಂದು ಹಸು, ಬಂದು ಎಲೆಗೆ ಬಾಯಿ ಹಾಕ್ತು. ಅದೂ ಪಾಯಸದ ಮೂಲೆಗೇ!

"ಅಯ್ಯೋ, ಪಾಯಸ ತಿಂದ್ಬುಡ್ತು ಕಣೇ!"

ಅದಿಲ್ದೆ ಮಿಕ್ಕಿದ್ದು ಯಾವುದನ್ನೂ ಕಟ್ಟೋ ಹಾಗಿಲ್ಲ. ಕಾರು ಹೋಯ್ತು, ಹುಡುಗಿ ಆಸೆ ಮಣ್ಣುಪಾಲಾಯ್ತು ಅನ್ನಿಸಿ ಅಳುವೇ ಬಂತು. ರುದ್ರಾಣಿ ಕೊಂಬು ಹಿಡ್ಕೊಂಡಳು. ನಾನು ಶಿವಾ ಅಂತ ಹಸುವಿನ ಬಾಯಿಗೆ ಬಳೆವರೆಗೂ ಕೈ ತೂರಿಸಿ ಬಾಚಿದೆ. ಎಲೆ ಚೂರಿನ ಜೊತೆ, ಜೊಲ್ಲಲ್ಲಿ ಮಿಂದು ಜೆಟ್ಟು ಬಂತು! ಅವಳು ಅದನ್ನ ನನ್ನ ಹೊಸ ಸೀರೆಗೇ ಒರೆಸಿ, ಮತ್ತೆ ಊದಿ, ಪಾಯಸದಿಂದ ಉಪ್ಪಿನವರೆಗೂ ಕಟ್ಟಿ ಮುಗಿಸಿದಳು. ಅಲ್ಲಿಂದ ನಂಜನಗೂಡಿನವರೆಗೂ ಇಬ್ರೂ ಹುಚ್ಚು ಹಿಡಿದೋರ ಹಾಗೆ ನಕ್ಕಿದ್ದೇ ನಕ್ಕಿದ್ದು. ಬಹುಮಾನ ಬರಲಿಲ್ಲ, ಬ್ಯಾಡ ಬಿಡಿ. ಟೈಮಿಗೆ ಮುಟ್ಟಿದ್ವಲ್ಲ.

ಊರಿಗೆ ಬಂದ ಮೇಲೆ "ದಾರೀಲಿ ನಿಂತಿತ್ತಂತಲ್ಲ, ಏನಾಗಿತ್ತು?" ಅಂದ್ರು ದೊಡ್ಡಪ್ಪ. ಇವಳು ಕೆಮ್ಮಿದ್ದರಿಂದ ಹಿಡಿದು ಹಸುವಿನವರೆಗೂ ಉಸಿರು ಬಿಡದೆ ಒಪ್ಪಿಸಿದಳು. ಬೆಟ್ಟಸ್ವಾಮಿ ಮೀಸೆ ತಿರುವಿದ. ದೊಡ್ಡಪ್ಪ ಕಾರಿನ ಕೀ ಇಸ್ಕೊಂಡು ಒಳಗೆ ಹೋಗ್ಬಿಟ್ರು. ಕೊನೆ ಮುಟ್ಟಿದ್ರೂ ಮಾರೇಬಿಡ್ತಾರೇನೋ ಅಂತ ನಾವು ಹೆದರಿದ್ವಿ.

ಭಾನುವಾರ ಬೆಳಿಗ್ಗೆ ನೋಡಿದ್ರೆ, ಅವರೇ ಒಂದು ಬಾಳೆ ಎಲೆ ತೊಳ್ಕೊಂಡು ಬಂದು, ಕಾರಿನ ಮುಂದೆ ಹಾಸಿ, ಪಂಚೆ ಮೇಲಕ್ಕೆ ಕಟ್ಟಿ ಕೂತಿದ್ರು.

"ಬಾರವ್ವ ರುದ್ರಾಣಿ. ಉಪ್ಪಿನ ಜಾಗಕ್ಕೆ ಮೊದಲು ಏನಿಡಬೇಕು, ನಂಗೂ ಹೇಳ್ಕೊಡು."